ಒಂದೇ ಜೋಡಿ, ಒಂದೇ ಗಂಟೆ: ಸಕಲೇಶಪುರದ ಕಾಫಿ ತೋಟದಲ್ಲಿ ಖಾಸಗಿ ಕಪಲ್ ಶೂಟ್, ನನ್ನ ಅನುಭವ

ರಜೆಗೆ ಬಂದ ಜೋಡಿಗೆ ಒಂದು ಗಂಟೆ ಮಾತ್ರ ಶೂಟ್ ಮಾಡುತ್ತೇನೆ, ತೆಗೆದ ಫೋಟೋ ಒಂದನ್ನೂ ಇನ್‌ಸ್ಟಾಗ್ರಾಂಗೆ ಹಾಕುವುದಿಲ್ಲ ಎಂದಾಗ ನಮ್ಮ ಕಡೆಯ ಫೋಟೋಗ್ರಾಫರುಗಳು ಒಬ್ಬರೂ ಒಪ್ಪಲಿಲ್ಲ. ಫೋಟೋ ತೋರಿಸದಿದ್ದರೆ ಗಿರಾಕಿ ಎಲ್ಲಿಂದ ಬರುತ್ತಾನೆ, ಪ್ರೀ ವೆಡ್ಡಿಂಗ್ ದಿನಕ್ಕೆ 25 ಸಾವಿರ ಸಿಗುವಾಗ ಗಂಟೆ ಲೆಕ್ಕಕ್ಕೆ ಯಾಕೆ ಹೋಗ್ತೀಯ ಎಂದರು. ಇದು ಮೂರನೇ ಸೀಸನ್. ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗೆ ಹತ್ತು ಹನ್ನೆರಡು ಜೋಡಿ ಬರುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ, ಮೊದಲು ಮಾಡಿಸಿಕೊಂಡವರು ಹೇಳಿ ಕಳಿಸಿದವರೇ. ಮದುವೆ ಸೀಸನ್‌ನ ಆದಾಯವನ್ನು ಇದು ಈಗ ಮುಟ್ಟಿದೆ. ಅದೂ ರಾತ್ರಿ ರಿಸೆಪ್ಷನ್‌ನಲ್ಲಿ ನಿಲ್ಲದೆ, ಆಲ್ಬಮ್‌ಗೆ ಆರು ತಿಂಗಳು ಅಲೆಯದೆ.

ಹಾಕುವುದಿಲ್ಲ ಎನ್ನುವುದೇ ನನ್ನ ಮಾರಾಟದ ಮಾತು. ಹನಿಮೂನಿಗೆ ಬಂದವರು, ಹತ್ತನೇ ವಾರ್ಷಿಕೋತ್ಸವಕ್ಕೆ ಬಂದವರು, ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಎರಡು ದಿನ ಬಂದವರು, ಇವರಿಗೆ ಬೇಕಿರುವುದು ತಮಗೆ ಮಾತ್ರ ಇರುವ ಫೋಟೋ. ಸ್ಯಾಂಪಲ್‌ಗೆ ಒಂದು ಪರಿಚಿತ ಜೋಡಿಗೆ ದುಡ್ಡು ಕೊಟ್ಟು, ಫೋಟೋ ತೋರಿಸಲು ಒಪ್ಪಿಗೆ ಬರೆಸಿ ಸಹಿ ಮಾಡಿಸಿಕೊಂಡು, ಎರಡು ದಿನ ಶೂಟ್ ಮಾಡಿದೆ. ಊಟ ಬಟ್ಟೆ ಎಲ್ಲ ಸೇರಿ 14 ಸಾವಿರ ಆಗಿರಬೇಕು. ಪೇಜಿನಲ್ಲಿ ಇವತ್ತಿಗೂ ಆ 30 ಫೋಟೋ ಮಾತ್ರ ಇವೆ. ಕೇಳಿದವರಿಗೆ ಅದನ್ನೇ ಹೇಳುತ್ತೇನೆ: ಇದರಲ್ಲಿ ಗಿರಾಕಿಗಳು ಯಾರೂ ಇಲ್ಲ, ನಿಮ್ಮದೂ ಇರುವುದಿಲ್ಲ. ಬುಕಿಂಗ್ ಅಲ್ಲೇ ಮುಗಿಯುತ್ತದೆ.

ಮೊದಲ ಸೀಸನ್ ಪೂರ್ತಿ ದುಡ್ಡು ಹೋದದ್ದು ಟೈಮಿಂಗ್‌ನಲ್ಲಿ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 220 ಕಿಲೋಮೀಟರ್. ಶುಕ್ರವಾರ ಆಫೀಸ್ ಮುಗಿಸಿ ಹೊರಟವರು ಹೋಂಸ್ಟೇ ಸೇರುವಾಗ ರಾತ್ರಿ ಹನ್ನೆರಡು. ಅವರಿಗೆ ಶನಿವಾರ ಬೆಳಿಗ್ಗೆ ಆರೂವರೆಯ ಸ್ಲಾಟ್ ಕೊಟ್ಟೆ. ಮೊದಲ ಹತ್ತರಲ್ಲಿ ನಾಲ್ಕು ಜೋಡಿ ಏಳಲೇ ಇಲ್ಲ. ಎದ್ದವರ ಕಣ್ಣು ಊದಿರುತ್ತಿತ್ತು, ಆ ಫೋಟೋಗಳನ್ನು ಎಡಿಟಿಂಗ್ ಉಳಿಸುವುದಿಲ್ಲ. ಈಗ ನಿಯಮ ಒಂದೇ: ಬಂದ ಮಾರನೇ ಬೆಳಿಗ್ಗೆ ಇಲ್ಲ, ಎರಡನೇ ಬೆಳಿಗ್ಗೆ ಮಾತ್ರ. ಹೀಗೆ ಮಾಡಿದರೆ ಎಲ್ಲರೂ ಭಾನುವಾರಕ್ಕೇ ಬೀಳುತ್ತಾರೆ. ಅದಕ್ಕೆ ಶನಿವಾರ ಸಂಜೆ ಮುಕ್ಕಾಲು ಐದರ ಸ್ಲಾಟ್ ಇಟ್ಟು, 500 ರೂಪಾಯಿ ಕಡಿಮೆ ಮಾಡಿದೆ. ಸಂಜೆಯ ಬೆಳಕು ಬೇಗ ಸಾಯುತ್ತದೆ, ಪಶ್ಚಿಮಕ್ಕೆ ಗುಡ್ಡವಿರುವ ತೋಟವಾದರೆ ಅರ್ಧ ಗಂಟೆ ಮೊದಲೇ ಕತ್ತಲು. ಜಾಗ ಆರಿಸುವಾಗ ಇದನ್ನು ನೋಡಿಕೊಳ್ಳಿ.

ಬೆಳಗಿನ ಗಂಟೆ ಸೂರ್ಯೋದಯಕ್ಕೆ ಹದಿನೈದು ನಿಮಿಷ ಮುಂಚೆ ಶುರುವಾಗಬೇಕು. ಇಲ್ಲಿ ಜನವರಿಯಲ್ಲಿ ಸೂರ್ಯ ಏಳುವುದು 6:50ರ ಹತ್ತಿರ, ಮೇನಲ್ಲಿ ಆರರ ಆಸುಪಾಸು. ಗುಡ್ಡ ದಾಟಿ ಬಿಸಿಲು ತೋಟದೊಳಕ್ಕೆ ಇಳಿಯಲು ಇನ್ನೊಂದು ಅರ್ಧ ಗಂಟೆ. ಅದು ಇಳಿದ ಮೇಲೆ ಸಿಲ್ವರ್ ಓಕ್ ಮರಗಳ ನಡುವೆ ಮುಖದ ಮೇಲೆ ನಾಣ್ಯ ಚೆಲ್ಲಿದಂತೆ ಬೆಳಕಿನ ಚುಕ್ಕೆ ಬೀಳುತ್ತದೆ. ಹಣೆ ಬೆಳ್ಳಗೆ, ಕೆನ್ನೆ ಕಪ್ಪು. ಬಿಸಿಲು ಮೆದು ಮಾಡುವ ಬಿಳಿ ಪರದೆ, ಡಿಫ್ಯೂಸರ್, ಹಿಡಿಸಿ ನೋಡಿದೆ: ನನ್ನ ಸಹಾಯಕ ಹುಡುಗ ಹಿಡಿದು ನಿಂತರೆ ಜೋಡಿ ಮೈ ಬಿಗಿ ಹಿಡಿಯುತ್ತಾರೆ, ಖಾಸಗಿ ಎಂಬ ಮಾತೇ ಹೋಗುತ್ತದೆ. ಚುಕ್ಕೆ ಬಿಸಿಲು ಬಂದ ಕೂಡಲೇ ಅಲ್ಲಿಂದ ಹಣ್ಣು ಒಣಗಿಸುವ ಕಾಫಿ ಕಣಕ್ಕೆ ಕರೆದೊಯ್ಯಿರಿ. ಕೊಯ್ಲು ಇಲ್ಲದ ತಿಂಗಳಲ್ಲಿ ಕಣ ಖಾಲಿ ಇರುತ್ತದೆ, ಆ ಸಿಮೆಂಟ್ ನೆಲ ಇಡೀ ಒಂದು ರಿಫ್ಲೆಕ್ಟರ್. ಬೆಳಕು ಕೆಳಗಿನಿಂದ ಮೇಲೆ ಮೆತ್ತಗೆ ಬಂದು ಕಣ್ಣಿನ ಕೆಳಗಿನ ಕಪ್ಪು ತುಂಬಿಕೊಡುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ, ಅಲ್ಲಿ ಚಪ್ಪಲಿ ಕಾಲು ಇಟ್ಟರೆ ಆ ತೋಟದ ಬಾಗಿಲು ನಿಮಗೆ ಮುಚ್ಚಿದಂತೆ.

ಇನ್ನೊಂದು ತೊಂದರೆ ಹಸಿರು. ಗಿಡದ ನಡುವೆ ನಿಲ್ಲಿಸಿದರೆ ಎಲೆಯಿಂದ ಬಂದ ಬೆಳಕು ಚರ್ಮಕ್ಕೆ ಹಸಿರು ಬಳಿಯುತ್ತದೆ. ಬಿಳಿ ಕುರ್ತಾ ಹಾಕಿಸಿದರಂತೂ ಕುತ್ತಿಗೆ, ಗಲ್ಲ ಎಲ್ಲ ಹಸಿರು. ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಟಿಂಟನ್ನು 12ರಿಂದ 18ರವರೆಗೆ ಮೆಜೆಂಟಾ (ನೇರಳೆಗೆಂಪು) ಕಡೆಗೆ ತಳ್ಳಿದರೆ ಚರ್ಮ ಸರಿಯಾಗುತ್ತದೆ, ಕಾಫಿ ಎಲೆ ಕಂದು ಹೊಡೆಯುತ್ತದೆ. ಮಾಸ್ಕ್ ಮಾಡಿ ಚರ್ಮ ಬೇರೆ ಎಲೆ ಬೇರೆ ಎಂದು ಕೂತರೆ ಫೋಟೋಗೆ ಆರು ನಿಮಿಷ. ಜಾಗದಲ್ಲೇ ಸರಿಪಡಿಸುವುದು ಅಗ್ಗ: ಮುಖ ತೋಟದ ರಸ್ತೆಯ ಕಡೆಗೆ, ತೆರೆದ ಆಕಾಶದ ಕಡೆಗೆ ತಿರುಗಲಿ, ಬೆನ್ನು ಗಿಡಕ್ಕಿರಲಿ. ಗೋಡಾಕ್ಸ್ ಎಡಿ 200 ಫ್ಲ್ಯಾಶ್‌ಗೆ ಕಾಲು ಸಿಟಿಓ ಜೆಲ್ (ಬೆಳಕಿಗೆ ತುಸು ಕಿತ್ತಳೆ ಬಣ್ಣ ಕೊಡುವ ತೆಳು ಹಾಳೆ) ಹಾಕಿ, ಅತಿ ಕಡಿಮೆ ಪವರ್‌ನಲ್ಲಿ ಒಂದು ತುಣುಕು ಬೆಳಕು. ಬಟ್ಟೆಗೆ ಮೊದಲೇ ಹೇಳಿಬಿಡಿ: ಹಸಿರು ಬೇಡ, ಸಣ್ಣ ಗೆರೆಯ ಶರ್ಟ್ ಬೇಡ, ಕೆನೆ ಬಣ್ಣ, ಸಾಸಿವೆ, ಮರೂನ್ ಚೆನ್ನ. ಸೀರೆಯಾದರೆ ಉಟ್ಟುಕೊಂಡೇ ಬರಲಿ. ಒಂದು ಗಂಟೆಯಲ್ಲಿ ಸೀರೆ ಬದಲಿಸಲು ಕೂತರೆ ಇಪ್ಪತ್ತು ನಿಮಿಷ ಹೋಯಿತು. ಬದಲಾವಣೆ ಬೇಕೆನ್ನುವವರಿಗೆ ಒಂದು ಶಾಲು, ಒಂದು ಸ್ವೆಟರ್ ಸಾಕು. ನೆರಿಗೆಯ ಅಂಚು ಇಬ್ಬನಿಯಲ್ಲಿ ನೆಂದು ಕಪ್ಪಾಗುತ್ತದೆ, ನಡೆಯುವಾಗ ಎತ್ತಿ ಪಿನ್ ಹಾಕಿ, ನಿಂತಾಗ ಬಿಡಿಸಿ.

ತೋಟದ ವಿಚಾರಕ್ಕೆ ಬರುತ್ತೇನೆ, ಇದೇ ಅರ್ಧ ಕೆಲಸ. ಕೋಟೆಯಲ್ಲಿ, ವ್ಯೂ ಪಾಯಿಂಟ್‌ಗಳಲ್ಲಿ ವಾರಾಂತ್ಯ ಖಾಸಗಿ ಎಂಬುದೇ ಇಲ್ಲ. ಮಂಜರಾಬಾದ್ ಕೋಟೆಗೆ ಒಂದು ಜೋಡಿಯನ್ನು ಕರೆದೊಯ್ದು, ಹಿಂದೆ ನಿಂತ ಜನರನ್ನು ಅಳಿಸುವುದರಲ್ಲೇ ಎರಡು ರಾತ್ರಿ ಕಳೆದೆ. ರೈಲು ಸೇತುವೆ, ಸುರಂಗ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೊಡಲೇಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿಯ ಮೇಲೆ ಹೋಗುವುದೇ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾಗಿ, ಘಾಟಿಯ ತಿರುವಿನಲ್ಲಿ ರೈಲು ಹತ್ತಿರ ಬರುವವರೆಗೂ ಕೇಳಿಸುವುದಿಲ್ಲ.

ನಾನು ಶೂಟ್ ಮಾಡುವುದು ಬೇರೆಯವರ ಮೂರು ಖಾಸಗಿ ತೋಟಗಳಲ್ಲಿ. ಮಾಲೀಕರಿಗೆ ಪ್ರತಿ ಶೂಟಿಗೆ ಸಾವಿರ ರೂಪಾಯಿ, ಅದೇ ದಿನ ಸಂಜೆಯೊಳಗೆ ಯುಪಿಐ. ಮೊದಲು ಶೇಕಡಾ 15 ಎಂದು ಒಂದು ಹೋಂಸ್ಟೇ ಜೊತೆ ಮಾತಾಗಿತ್ತು. ಅವರು ನನ್ನ ಶೂಟನ್ನು ತಮ್ಮ ಪ್ಯಾಕೇಜಿನಲ್ಲಿ ಉಚಿತ ಎಂದು ಹಾಕಿ, ಗಿರಾಕಿ ನನ್ನನ್ನು ಕಂಡು ದುಡ್ಡು ಯಾಕೆ ಎಂದು ಕೇಳುವಂತಾಯಿತು. ಪರ್ಸೆಂಟೇಜ್ ಬಿಟ್ಟುಬಿಡಿ, ಬದಲಾಗದ ಒಂದೇ ಮೊತ್ತ ಇರಲಿ. ಮಾಲೀಕರ ಜೊತೆಗೆ ರೈಟ್ರನ್ನೂ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಕಂಡು ಮಾತಾಡಿ. ಆ ಬೆಳಿಗ್ಗೆ ಆಳುಗಳು ಯಾವ ಬ್ಲಾಕಿನಲ್ಲಿ, ಸ್ಪ್ರೇ ಎಲ್ಲಿ ನಡೆದಿದೆ, ಆನೆ ರಾತ್ರಿ ಯಾವ ಕಡೆ ಹೋಯಿತು, ಇದೆಲ್ಲ ಗೊತ್ತಿರುವುದು ರೈಟ್ರಿಗೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ವಾಟ್ಸಾಪ್ ಸಂದೇಶವನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಐದಕ್ಕೆ ಒಮ್ಮೆ ನೋಡುತ್ತೇನೆ. ಆಮೇಲೆ ರೈಟ್ರಿಗೆ ಫೋನ್. ಅವರು ಬೇಡ ಎಂದರೆ ಬೇಡ. ಕಳೆದ ವರ್ಷ ಐದಾರು ಸಲ ಹಾಗೆ ಕೈಬಿಟ್ಟು, ದಿನ ಬದಲಿಸಿ ಕೊಟ್ಟಿದ್ದೇನೆ. ಯಾವ ಫೋಟೋಗೂ ಅಷ್ಟು ಬೆಲೆ ಇಲ್ಲ.

ಕಾಫಿ ಹೂ ಅರಳುವ ದಿನಗಳ ಸ್ಲಾಟಿಗೆ ಬೇರೆ ದರ. ಹೂಮಳೆಯೋ ಸ್ಪ್ರಿಂಕ್ಲರ್ ನೀರೋ ಬಿದ್ದು ಏಳೆಂಟು ದಿನಕ್ಕೆ ರೊಬಸ್ಟಾ, ಒಂಬತ್ತು ಹತ್ತು ದಿನಕ್ಕೆ ಅರೇಬಿಕಾ ಬಿಳಿಯಾಗುತ್ತದೆ. ಚೆನ್ನಾಗಿರುವುದು ಎರಡೇ ಬೆಳಿಗ್ಗೆ, ಮೂರನೇ ದಿನಕ್ಕೆ ಅಂಚು ಕಂದು. ಮಳೆ ನಂಬಿ ಬುಕಿಂಗ್ ತೆಗೆದುಕೊಂಡರೆ ಮುಳುಗುತ್ತೀರಿ, ನಾನು ಮುಳುಗಿದ್ದೇನೆ, ಮೂರು ಅಡ್ವಾನ್ಸ್ ವಾಪಸ್ ಕೊಟ್ಟೆ. ಸ್ಪ್ರಿಂಕ್ಲರ್ ಹಾಕುವ ತೋಟವಾದರೆ ಯಾವ ಬ್ಲಾಕಿಗೆ ಯಾವತ್ತು ನೀರು ಎಂದು ಬರೆದಿಟ್ಟುಕೊಳ್ಳಬಹುದು. ಫೆಬ್ರವರಿಯಲ್ಲಿ ಆ ಒಂದು ಹಾಳೆ ನನಗೆ ಏನಿಲ್ಲವೆಂದರೂ 60 ಸಾವಿರ ತಂದುಕೊಟ್ಟಿತು. ಹೂ ಇರುವಾಗ ಸಾಲಿನೊಳಕ್ಕೆ ಯಾರನ್ನೂ ಬಿಡಬೇಡಿ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಗಾಳಿಯೂ ಜೇನೂ ಬೇರೆ ಗಿಡದಿಂದ ತರಬೇಕು. ಕೊಂಬೆ ಅಲ್ಲಾಡಿಸಿ ಹೂ ಉದುರಿಸಿದರೆ ಅದು ಮಾಲೀಕರ ಮುಂದಿನ ವರ್ಷದ ಫಸಲು. ರಸ್ತೆಯಲ್ಲೇ ನಿಲ್ಲಿಸಿ, 85 ಎಂಎಂ ಲೆನ್ಸ್‌ನಲ್ಲಿ ಹಿಂದಿನ ಸಾಲು ಬೆನ್ನಿಗೆ ಒತ್ತಿ ಬಂದಂತೆ ತೆಗೆದರೆ ಒಳಗೆ ನಿಂತಂತೆಯೇ ಕಾಣುತ್ತದೆ. ಬಿಸಿಲು ಏರಿದಂತೆ ಹೆಜ್ಜೇನು ಬರುತ್ತದೆ, ಅಷ್ಟರಲ್ಲಿ ಕೆಲಸ ಮುಗಿದಿರಬೇಕು. ಅವತ್ತು ಸೆಂಟ್ ಬೇಡ ಎಂದು ಹಿಂದಿನ ದಿನವೇ ಮೆಸೇಜ್ ಹಾಕಿ.

ಬುಕಿಂಗ್ ಹೀಗಿದೆ. ವಾಟ್ಸಾಪ್‌ನಲ್ಲಿ ಏಳು ಪ್ರಶ್ನೆ: ಬರುವ ದಿನ, ಉಳಿಯುವ ಜಾಗ, ವಾಹನ, ಯಾರು ಯಾರು, ಆರೋಗ್ಯದ ತೊಂದರೆ ಅಥವಾ ಗರ್ಭಿಣಿಯೇ, ಬಟ್ಟೆ, ಯಾವ ಥರದ ಫೋಟೋ ಬೇಡ. ಕೊನೆಯ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆಯಾಗಿ ಉತ್ತರಿಸಬೇಕು, ಹೆಂಡತಿಯ ನಂಬರಿಗೆ ಪ್ರತ್ಯೇಕ ಮೆಸೇಜ್. ಗಂಡನಿಗೆ ಗೊತ್ತಿಲ್ಲದ್ದು ಅಲ್ಲಿ ಬರುತ್ತದೆ: ಎಡ ಕೆನ್ನೆ ಬೇಡ, ಎತ್ತಿಕೊಳ್ಳುವುದು ಬೇಡ, ಮುತ್ತು ಬೇಡ. ಹೆಂಡತಿಗೆ ಸರ್‌ಪ್ರೈಸ್ ಎಂದು ಗಂಡ ಬುಕ್ ಮಾಡಿದ ಎರಡೂ ಶೂಟ್ ಹಾಳಾದವು, ಎಣ್ಣೆ ತಲೆಯಲ್ಲಿ, ಮನೆ ಚಪ್ಪಲಿಯಲ್ಲಿ ಕರೆತಂದಿದ್ದರು. ಆ ಬುಕಿಂಗ್ ಈಗ ತೆಗೆದುಕೊಳ್ಳುವುದಿಲ್ಲ.

ಮೊದಲು 4,500 ಇಟ್ಟಿದ್ದೆ, ಈಗ 7,500, ಹೂವಿಗೆ 9,500. ಅರ್ಧ ಅಡ್ವಾನ್ಸ್, ವಾಪಸ್ ಇಲ್ಲ, ದಿನ ಒಮ್ಮೆ ಬದಲಿಸಬಹುದು. ಜೋರು ಮಳೆ ಅಥವಾ ಆನೆಯಿಂದ ನಿಂತರೆ, ಅವರು ಊರಲ್ಲಿರುವಷ್ಟರಲ್ಲಿ ಬೇರೆ ಸ್ಲಾಟ್, ಆಗದಿದ್ದರೆ ಪೂರ್ತಿ ವಾಪಸ್. ಖರ್ಚು: ತೋಟಕ್ಕೆ 1,000, ಹುಡುಗನಿಗೆ 700, ಜೀಪಿನ ಡೀಸೆಲ್ 400-500, ಕಾಫಿ ತಿಂಡಿ ನೂರಿನ್ನೂರು. ಕೈಗೆ ಐದು ಸಾವಿರ ಉಳಿಯುತ್ತದೆ. ಎಡಿಟ್ ಮಾಡಿದ 25 ಫೋಟೋ ಮಾತ್ರ. ಮೊದಲು ಇನ್ನೂರು ಕೊಡುತ್ತಿದ್ದೆ, ಗಂಟೆ ಕೆಲಸಕ್ಕೆ ಎರಡು ದಿನ ಎಡಿಟಿಂಗ್, ಲೆಕ್ಕ ಹಾಕಿದರೆ ಕೂಲಿ ಗಿಟ್ಟುತ್ತಿರಲಿಲ್ಲ. ಹೆಚ್ಚಿನದಕ್ಕೆ ತಲಾ 150, ಹತ್ತರಲ್ಲಿ ಏಳು ಜೋಡಿ ಕೊಳ್ಳುತ್ತಾರೆ.

ಖಾಸಗಿ ಎಂದ ಮೇಲೆ ಎಲ್ಲದರಲ್ಲೂ ಖಾಸಗಿ. ಹುಡುಗನ ಫೋನ್ ಜೀಪಿನಲ್ಲೇ, ರೀಲ್ ಗೀಲ್ ಇಲ್ಲ. ಡ್ರೈವ್ ಲಿಂಕ್ ಇಬ್ಬರ ಇಮೇಲ್‌ಗೆ ಮಾತ್ರ ತೆರೆಯುವಂತೆ, 30 ದಿನ. ಅವರು ಇಳಿಸಿಕೊಂಡೆವು ಎಂದು ಬರೆದ ಮೇಲೆ ಕಾರ್ಡು, ಕಂಪ್ಯೂಟರು, ಬ್ಯಾಕಪ್ ಮೂರರಲ್ಲೂ ಅಳಿಸಿ ತಿಳಿಸುತ್ತೇನೆ. ಒಂದು ವರ್ಷ ಇಟ್ಟುಕೊಳ್ಳಿ ಎಂದು ಕೇಳಿದವರು ಇಬ್ಬರೋ ಮೂವರೋ, ಉಳಿದವರಿಗೆಲ್ಲ ಈ ಅಳಿಸುವುದೇ ಸಮಾಧಾನ.

ಮೊದಲ ಹತ್ತು ನಿಮಿಷದ ಫೋಟೋ ಬರೀ ಅಭ್ಯಾಸಕ್ಕೆ. ನಡೆಯಲು ಹೇಳಿ, ನಗಿ ಎಂದು ಹೇಳಬೇಡಿ. ಆಮೇಲೆ ಫ್ಲಾಸ್ಕ್ ಕೊಡಿ. ಎರಡು ಸ್ಟೀಲ್ ಲೋಟ, ಕುದಿಯುವಷ್ಟು ಬಿಸಿ ಕಾಫಿ. ಒಬ್ಬರು ಬಗ್ಗಿಸಿದಾಗ ಇನ್ನೊಬ್ಬರು ಲೋಟ ಹಿಡಿಯಬೇಕು, ಆಗ ನಾಲ್ಕು ಕೈಗೂ ಕೆಲಸ ಸಿಕ್ಕಿ ಮುಖ ತಾನೇ ಸಡಿಲವಾಗುತ್ತದೆ. ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಬೆಯ ಹಿಂದೆ ಕಪ್ಪು ಇರಬೇಕು: ಹಾಲುವಾಣದ ಕಾಂಡವೋ ನೆರಳಲ್ಲಿರುವ ಮೆಣಸಿನ ಬಳ್ಳಿಯೋ. ಒಂದು ಸ್ಟಾಪ್ ಕಡಿಮೆ (ಅರ್ಧ ಬೆಳಕಿನ) ಎಕ್ಸ್‌ಪೋಶರ್. ಹಬೆ ದಟ್ಟವಾಗಿರುವುದು ಬಗ್ಗಿಸಿದ ಮೂವತ್ತು ನಲವತ್ತು ಸೆಕೆಂಡು. ಅಷ್ಟರಲ್ಲಿ ಅವಳು ಊದುವುದು, ಅವನ ಕನ್ನಡಕ ಮಂಜಾಗುವುದು, ಅವಳು ಸೆರಗಿನಿಂದ ಒರೆಸುವುದು, ಎಲ್ಲ ಬಂದುಬಿಡುತ್ತದೆ. ಅತಿ ಹೆಚ್ಚು ಪ್ರಿಂಟ್ ಹೋಗುವುದು ಈ ಫೋಟೋದ್ದೇ.

ಕ್ಯಾಮೆರಾ ಬ್ಯಾಗನ್ನು ಎಸಿ ಕಾರಿನಲ್ಲಿ ತರಬೇಡಿ. ತಣ್ಣಗಿನ ಗಾಜಿಗೆ ಹೊರಗಿನ ತೇವ ತಾಗಿದ ಕೂಡಲೇ ಮಂಜು ಕಟ್ಟಿ, ಬಿಡಲು ಇಪ್ಪತ್ತು ನಿಮಿಷ, ಅಂದರೆ ಗಿರಾಕಿಯ ಗಂಟೆಯಲ್ಲಿ ಮೂರನೇ ಒಂದು ಭಾಗ. ಮಂಜು ಸುರಿಯುವ ದಿನ 85 ಎಂಎಂ ಲೆನ್ಸ್ ತೆಗೆದಿಟ್ಟು 35 ಎಂಎಂ ಹಾಕಿ ಹತ್ತಿರ ಹೋಗಿ, ದೂರ ಹೆಚ್ಚಿದಷ್ಟೂ ಫೋಕಸ್ ಅಲೆಯುತ್ತದೆ.

ಪಕ್ಕದಲ್ಲಿ ಮಾಡಿ ನೋಡಿದವು ಇನ್ನೂ ಎರಡು ಮೂರಿವೆ. ಕ್ಯಾನನ್ ಸೆಲ್ಫಿ (Selphy) ಎಂಬ ಪುಟ್ಟ ಪ್ರಿಂಟರ್ ಜೀಪಿನಲ್ಲಿ ಇಟ್ಟುಕೊಂಡು, ಹೊರಡುವಾಗ ಎರಡು ಪ್ರಿಂಟ್ ಕೈಗೆ ಕೊಡುತ್ತೇನೆ. ಒಂದಕ್ಕೆ ಮುಕ್ಕಾಲು ನಿಮಿಷ, ಖರ್ಚು ಇಪ್ಪತ್ತೈದರೊಳಗೆ. ಹೇಳಿ ಕಳಿಸುವವರು ಹೆಚ್ಚಿದ್ದು ಇದರ ನಂತರ. ಮಳೆಗಾಲದ ಶೂಟ್: ಪಾರದರ್ಶಕ ಕೊಡೆ, ಜೋಡಿಯ ಬೆನ್ನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಫ್ಲ್ಯಾಶ್, ಹನಿಗಳು ಮುತ್ತಿನಂತೆ ಹೊಳೆಯುತ್ತವೆ. ಆದರೆ ಉಂಬಳದ (ಜಿಗಣೆಯ) ಕಾಟ. ಲೀಚ್ ಸಾಕ್ಸ್ ಎರಡು ಜೊತೆ ಕೊಂಡಿಟ್ಟರೂ, ಸೀರೆಯವರಿಗೆ ಆಗದು. ಜುಲೈನಲ್ಲಿ ಈಗ ಬರೀ ಹೋಂಸ್ಟೇ ಜಗಲಿಯಲ್ಲಿ ಮಾಡುತ್ತೇನೆ, 4,000ಕ್ಕೆ.

ಮೂರನೆಯದು ಮಿಂಚುಹುಳ. ಮೇ ಕೊನೆ, ಮುಂಗಾರಿಗೆ ಸ್ವಲ್ಪ ಮುಂಚೆ, ಗಾಳಿ ಇಲ್ಲದ ರಾತ್ರಿ. ಜೋಡಿಯನ್ನು ಇಪ್ಪತ್ತು ಸೆಕೆಂಡು ಅಲ್ಲಾಡದೆ ನಿಲ್ಲಿಸಲು ಹೋಗಿ ಮೊದಲ ವರ್ಷ ಒಂದೂ ಬರಲಿಲ್ಲ. ಈಗ ಟ್ರೈಪಾಡ್ ಕಟ್ಟಿ, ಮೊದಲ ಫ್ರೇಮಿನಲ್ಲಿ ಅವರಿಗೆ ಅತಿ ಕಡಿಮೆ ಪವರ್‌ನಲ್ಲಿ (1/128) ಫ್ಲ್ಯಾಶ್, ಒಮ್ಮೆ ಮಾತ್ರ. ಅವರನ್ನು ಪಕ್ಕಕ್ಕೆ ಕೂರಿಸಿ, ಕ್ಯಾಮೆರಾ ಮುಟ್ಟದೆ, ಎಫ್ 1.8, ಐಎಸ್‌ಓ 1600, ಹದಿನೈದು ಸೆಕೆಂಡಿನ ನಲವತ್ತು ಫ್ರೇಮು, ಆಮೇಲೆ ಫೋಟೋಶಾಪ್‌ನಲ್ಲಿ ಎಲ್ಲ ಫ್ರೇಮಿನ ಬೆಳಕಿನ ಚುಕ್ಕೆಗಳನ್ನು ಒಂದೇ ಫೋಟೋಗೆ ಕೂಡಿಸುವ ಲೈಟನ್ ಮೋಡ್. ಫ್ಲ್ಯಾಶ್ ಹೊಡೆದ ಮೇಲೆ ಹುಳಗಳು ಹಲವು ನಿಮಿಷ ಮಂಕಾಗುತ್ತವೆ, ಕಾಯಬೇಕು. ಕಳೆದ ಮೇನಲ್ಲಿ ನಾಲ್ಕು ಜೋಡಿಗೆ ಮಾಡಿದೆ, ಮೂರು ಸರಿಯಾಗಿ ಬಂದವು. ಈ ಸಲ ಫ್ಲ್ಯಾಶ್ ಬಿಟ್ಟು, ಕತ್ತಲಾಗುವ ಮುಂಚಿನ ನೀಲಿ ಬೆಳಕಿನಲ್ಲೇ ಜೋಡಿಯ ಫ್ರೇಮ್ ತೆಗೆದು, ಟ್ರೈಪಾಡ್ ಅಲ್ಲೇ ಬಿಟ್ಟು, ಎಂಟು ಗಂಟೆಗೆ ಹುಳದ ಫ್ರೇಮು ತೆಗೆಯುವ ಲೆಕ್ಕ ಹಾಕಿದ್ದೇನೆ. ತೋಟದ ಮಾಲೀಕರು ಒಪ್ಪಿದ್ದಾರೆ, ಆ ಹೊತ್ತಿನಲ್ಲಿ ರೈಟ್ರು ಜೊತೆಗಿರಬೇಕು ಎಂಬುದೊಂದೇ ಅವರ ಷರತ್ತು.