ಮಳೆ ರಜೆಯಲ್ಲೂ ನಿಲ್ಲದ ಕೆಮಿಸ್ಟ್ರಿ

ನಾನು ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಜುಲೈ ಬಂತೆಂದರೆ ನಮ್ಮಲ್ಲಿ ಮಳೆ ರಜೆ ಶುರು. ಕರೆಂಟ್ ಹೋದರೆ ಎರಡು ದಿನ ಬರಲ್ಲ, ಜೊತೆಗೆ ನೆಟ್‌ವರ್ಕೂ ಹೋಗುತ್ತದೆ. ಮೊದಲು ವಾಟ್ಸಾಪ್ ಗುಂಪಿಗೆ ವಿಡಿಯೋ ಪಾಠ ಹಾಕುತ್ತಿದ್ದೆ. ಅರ್ಧ ಮಕ್ಕಳಿಗೆ ಡೌನ್‌ಲೋಡೇ ಆಗುತ್ತಿರಲಿಲ್ಲ. ಆದವರು 'ಓಕೆ ಸರ್' ಅಂತ ಹಾಕಿ ಸುಮ್ನಾಗುತ್ತಿದ್ದರು.

ಆಮೇಲೆ, ಒಂದೇ ಫೈಲಿನಲ್ಲಿ ಹಲವರು ಬರೆಯಬಹುದಾದ ಗೂಗಲ್ ಡಾಕ್ಸ್ ಹಿಡಿದೆ. ಐದೈದು ಮಕ್ಕಳಿಗೆ ಒಂದು ಫೈಲ್. ರಜೆಗೆ ಮೊದಲೇ ಒಂದು ಪೀರಿಯಡ್ ಇಟ್ಟುಕೊಂಡು, ಎಲ್ಲರ ಫೋನಿನಲ್ಲೂ ಆ ಫೈಲನ್ನು ಆಫ್‌ಲೈನ್ ಮಾಡಿಸಿದೆ. ನಮ್ಮ ಕಡೆ ಇದೊಂದು ಮಾಡದಿದ್ದರೆ ಉಳಿದದ್ದೆಲ್ಲ ದಂಡ. ಮನೆಯಲ್ಲಿ ಬರೆದದ್ದು ಫೋನಿನಲ್ಲೇ ಇರುತ್ತದೆ. ಗುಡ್ಡದ ಮೇಲೋ ಪೇಟೆಯಲ್ಲೋ ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗಿ ಸೇರುತ್ತದೆ.

ಮೊದಲು ಪುಸ್ತಕದ ಪ್ರಶ್ನೆಗಳನ್ನೇ ಕೊಟ್ಟೆ. ಒಬ್ಬಳು ಬರೆದಳು, ನಾಲ್ವರು ನೋಡಿದರು, ಅಷ್ಟೇ. ಆಗ ಪ್ರಶ್ನೆ ಬದಲಾಯಿಸಿದೆ. ಅಡಿಕೆಗೆ ಕೊಳೆರೋಗದ ಔಷಧಿ, ಅಂದರೆ ಬೋರ್ಡೋ ದ್ರಾವಣ, ಎರಡನೇ ಸಲ ಹೊಡೆಯುವ ಹೊತ್ತು ಅದು. 'ನಿಮ್ಮೂರಲ್ಲಿ ಬೋರ್ಡೋ ಹೇಗೆ ಮಾಡ್ತಾರೆ? ನೋಡಿ ಬರೆಯಿರಿ' ಎಂದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಅಂತ ಎಲ್ಲರೂ ಬರೆದರು. ಒಬ್ಬ ಹುಡುಗ ಮಾತ್ರ ಇನ್ನೊಂದು ಸಾಲು ಸೇರಿಸಿದ: 'ಅಜ್ಜ ಕತ್ತಿ ಅದ್ದಿ ನೋಡ್ತಾರೆ. ಕೆಂಪಾದ್ರೆ ಇನ್ನೂ ಸುಣ್ಣ ಹಾಕ್ತಾರೆ. ಯಾಕೆ ಸರ್?'

ಉತ್ತರ ಬೆರಳ ತುದಿಯಲ್ಲೇ ಇತ್ತು, ಆದರೆ ತಡೆದುಕೊಂಡೆ. ಪಕ್ಕದಲ್ಲಿ ಕಾಮೆಂಟ್ ಹಾಕಿದೆ: 'ಕತ್ತಿ ಯಾವುದರದ್ದು? ಕೆಂಪು ಬಣ್ಣ ಯಾವುದರದ್ದು?' ಎರಡು ದಿನ ಸದ್ದಿಲ್ಲ. ಮೂರನೇ ರಾತ್ರಿ, ಕ್ಲಾಸಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಬರೆದಳು: 'ಕಬ್ಬಿಣ ತಾಮ್ರಕ್ಕಿಂತ ಚುರುಕು. ತಾನು ಕರಗಿ ತಾಮ್ರವನ್ನು ಹೊರಗೆ ಹಾಕುತ್ತೆ. ಕತ್ತಿಗೆ ಹತ್ತಿದ್ದು ತಾಮ್ರ.' ಅದರ ಕೆಳಗೆ ಇನ್ನೊಬ್ಬ: 'ಹಾಗಾದ್ರೆ ಸುಣ್ಣ ಸಾಕಾದ್ರೆ ಬಿಡಿ ತಾಮ್ರ ಉಳಿಯಲ್ಲ, ಅಲ್ವಾ?' ಹೌದು. ಉಳಿದರೆ ಎಲೆ, ಮಿಡಿ ಸುಡುತ್ತದೆ. ಅಷ್ಟು ಮಾತ್ರ ನಾನು ಸೇರಿಸಿದೆ. ಆ ರಾತ್ರಿ ಆ ಮೂರು ಸಾಲನ್ನು ಎಷ್ಟು ಸಲ ಓದಿದೆನೋ.

ದಿನಾ ರಾತ್ರಿ ಎಂಟಕ್ಕೆ, ಸಿಗ್ನಲ್ ಇದ್ದರೆ, ಎಲ್ಲ ಫೈಲೂ ನೋಡುತ್ತೇನೆ. ಮೇಷ್ಟ್ರು ಓದುತ್ತಾರೆ ಅಂತ ಗೊತ್ತಾದರೆ ಮಕ್ಕಳು ಬರೆಯುತ್ತಾರೆ. ಯಾರು ಯಾವಾಗ ಬರೆದರು ಅಂತ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿ ತೆಗೆದರೆ ಕಾಣುತ್ತದೆ. ಇದನ್ನು ಅಂಕ ಕಳೆಯೋಕೆ ಬಳಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾನು ನೋಡುವುದು ಯಾರ ಹೆಸರು ಇಲ್ಲ ಅಂತ. ಹಾಗೆ ಒಬ್ಬನ ಹೆಸರು ಒಂದು ವಾರ ಕಾಣಲಿಲ್ಲ. ವಿಚಾರಿಸಿದರೆ, ಮನೆಗೆ ಇರುವುದು ಒಂದೇ ಫೋನು, ಅದನ್ನು ಅಣ್ಣ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗುವಾಗ ಒಯ್ಯುತ್ತಾನೆ. 'ಹಾಳೆಯಲ್ಲಿ ಬರಿ, ಸಾಕು' ಎಂದೆ. ಅವನು ಬರೆದ ಹಾಳೆಯನ್ನು ಪಕ್ಕದ ಮನೆಯ ಹುಡುಗಿ ಫೋಟೋ ತೆಗೆದು ಫೈಲಿಗೆ ಹಾಕುತ್ತಾಳೆ. ಅಂಚು ಒದ್ದೆಯಾದ ಹಾಳೆ, ನೀಲಿ ಪೆನ್ನು, ಮೇಲೆ ದಪ್ಪಕ್ಕೆ ಅವನ ಹೆಸರು.