ಚೈನ್‌ಸಾ ಚೈನಿಗೆ ಮನೆಯಲ್ಲೇ ಸಾಣೆ ಹಿಡಿಯುವುದು, ಬೇಕಾದಂತೆ ಮಾರ್ಪಡಿಸುವುದು

ಚೈನು ಮೊಂಡಾಗಿದೆಯೇ ಎಂದು ತಿಳಿಯಲು ಹಲ್ಲು ಮುಟ್ಟಿ ನೋಡಬೇಕಿಲ್ಲ, ಕೆಳಗೆ ಬಿದ್ದದ್ದನ್ನು ನೋಡಿದರೆ ಸಾಕು. ಹರಿತವಾದ ಚೈನು ಮರವನ್ನು ಅಡ್ಡ ಕೊಯ್ಯುವಾಗ ಚಕ್ಕೆ ಉದುರಿಸುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿ ಉದುರಿಸುತ್ತದೆ, ಬಾರನ್ನು (ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿ) ಒತ್ತಿ ಹಿಡಿಯದೆ ಮರದೊಳಕ್ಕೆ ಇಳಿಯುವುದಿಲ್ಲ, ಎಣ್ಣೆ ಸರಿಯಾಗಿ ಬರುತ್ತಿದ್ದರೂ ಹೊಗೆ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ. ಒತ್ತಿ ಕೊಯ್ಯುತ್ತ ಹೋದರೆ ಹಲ್ಲಿನ ಜೊತೆಗೆ ಬಾರಿನ ಅಂಚು, ಚೈನನ್ನು ಓಡಿಸುವ ಹಲ್ಲುಚಕ್ರವಾದ ಸ್ಪ್ರಾಕೆಟ್, ಕ್ಲಚ್ ಎಲ್ಲವೂ ಕಾದು ಸವೆಯುತ್ತವೆ.

ಒಂದೊಂದು ಹಲ್ಲು ಎಷ್ಟು ಹರಿತವಾಗಿದೆ ಎಂಬುದಕ್ಕಿಂತ, ಎರಡೂ ಬದಿಯ ಹಲ್ಲುಗಳು ಒಂದೇ ಉದ್ದ, ಒಂದೇ ಕೋನದಲ್ಲಿವೆಯೇ, ಪ್ರತಿ ಹಲ್ಲಿಗೂ ಅದರ ಮುಂದಿನ ರೇಕರಿಗೂ (ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ತಡೆಯುವ ಗೂಟ) ಎತ್ತರದ ಅಂತರ ಸರಿಯಿದೆಯೇ ಎಂಬುದೇ ಕೊಯ್ತವನ್ನು ನಿರ್ಧರಿಸುತ್ತದೆ. ಕ್ಷೌರದ ಕತ್ತಿಯಂತೆ ಹರಿತ ಮಾಡಿದ, ಆದರೆ ಎತ್ತರ ತಗ್ಗಾದ ಹಲ್ಲುಗಳ ಚೈನು ಸೊಟ್ಟಗೆ ಕೊಯ್ಯುತ್ತದೆ.

ಹಲ್ಲಿನ ರಚನೆ

ಪ್ರತಿ ಹಲ್ಲಿನಲ್ಲೂ ಎರಡು ಭಾಗ. ಮುಂದೆ ಗೂಟದಂತೆ ನಿಂತಿರುವುದು ರೇಕರ್, ಅಂದರೆ ಡೆಪ್ತ್ ಗೇಜ್. ಹಿಂದಿರುವುದು ಕೊಯ್ಯುವ ಹಲ್ಲು. ಹಲ್ಲಿನ ಹೊರ ಮೂಲೆ ಮತ್ತು ಪಕ್ಕದ ತಟ್ಟೆಯ ಅಂಚು ನಾರನ್ನು ಕತ್ತರಿಸುತ್ತವೆ, ಮೇಲ್ತಟ್ಟೆಯ ಅಂಚು ಉಳಿಯಂತೆ ಅದನ್ನು ಎಬ್ಬಿಸಿ ತೆಗೆಯುತ್ತದೆ. ಉಜ್ಜುಗೊರಡಿನಲ್ಲಿ ಅಲಗು ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ದಪ್ಪದ ಸಿಪ್ಪೆ ಬರುವ ಹಾಗೆ, ಇಲ್ಲಿ ರೇಕರು ಹಲ್ಲಿಗಿಂತ ಎಷ್ಟು ತಗ್ಗಿದೆಯೋ ಅಷ್ಟೇ ಆಳಕ್ಕೆ ಹಲ್ಲು ಕಚ್ಚುತ್ತದೆ. ಈ ವಿನ್ಯಾಸದ ಮೂಲ ಒಂದು ಹುಳು. ಅಮೆರಿಕದ ಮರಕಡಿಯುವ ಕಸುಬಿನ ಜೋಸೆಫ್ ಬ್ಯೂಫೋರ್ಡ್ ಕಾಕ್ಸ್ 1946ರಲ್ಲಿ, ಮರ ಕೊರೆಯುವ ಜೀರುಂಡೆಯ ಮರಿ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುವುದನ್ನು ಕಂಡು, ಅದರ ಬಾಗಿದ ದವಡೆಗಳನ್ನೇ ಉಕ್ಕಿನಲ್ಲಿ ಮೂಡಿಸಿದರು.

ಮೇಲ್ತಟ್ಟೆ ಮತ್ತು ಪಕ್ಕದ ತಟ್ಟೆಯ ಹೊರಮೈಗೆ ತೆಳುವಾದ ಕ್ರೋಮ್ ಲೇಪವಿದೆ. ಒಳಮೈ ಬರಿಯ ಉಕ್ಕು. ಹರಿತ ಅಂಚನ್ನು ಹಿಡಿದು ನಿಲ್ಲಿಸುವುದು ಈ ಲೇಪವೇ. ಆದ್ದರಿಂದ ಹೊರಮೈಗೆ ಅರ ತಾಗಿಸಬಾರದು. ಕಲ್ಲಿಗೋ ಮಣ್ಣಿಗೋ ತಾಗಿದ ಹಲ್ಲಿನ ಮೂಲೆಯಲ್ಲಿ ಲೇಪ ಎದ್ದುಹೋಗಿ ಮಂಕಾದ ಪಟ್ಟಿ ಕಾಣುತ್ತದೆ. ಆ ಪಟ್ಟಿ ಪೂರ್ತಿ ಮಾಯವಾಗುವ ತನಕ ಹಲ್ಲನ್ನು ಹಿಂದಕ್ಕೆ ಅರೆಯಲೇಬೇಕು. ಸಾಣೆ ಹಿಡಿದರೂ ಹತ್ತು ನಿಮಿಷಕ್ಕೆ ಮೊಂಡಾಗುತ್ತದೆ ಎನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇದೇ ಇರುತ್ತದೆ: ಅಂಚು ಬಂದಿದೆ, ಆದರೆ ಅಂಚಿನಲ್ಲಿ ಕ್ರೋಮ್ ಇಲ್ಲ.

ಸರಿಯಾದ ಅರ

ಅರದ ದಪ್ಪ ಪಿಚ್‌ಗೆ ತಕ್ಕಂತೆ ಇರಬೇಕು. ಪಿಚ್ ಎಂದರೆ ಒಂದರ ಹಿಂದೊಂದಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕಿರುವ ದೂರದ ಅರ್ಧ. ಗೇಜ್ ಎಂದರೆ ಬಾರಿನ ಅಂಚಿನ ತೋಡಿನೊಳಗೆ ಓಡುವ ಡ್ರೈವ್ ಲಿಂಕಿನ ದಪ್ಪ: 1.1, 1.3, 1.5 ಅಥವಾ 1.6 ಮಿ.ಮೀ. ಸಾಣೆಗೆ ಗೇಜ್ ಮುಖ್ಯವಲ್ಲ, ಬಿಡಿಭಾಗ ಕೊಳ್ಳುವಾಗ ಮುಖ್ಯ.

1/4 ಇಂಚು ಪಿಚ್: 4.0 ಮಿ.ಮೀ. ಅರ
3/8 ಇಂಚು ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ ಚೈನು): 4.0 ಮಿ.ಮೀ.
0.325 ಇಂಚು: 4.8 ಮಿ.ಮೀ.
ಪೂರ್ಣ 3/8 ಇಂಚು: 5.2 ಅಥವಾ 5.5 ಮಿ.ಮೀ., ತಯಾರಕರನ್ನು ಅನುಸರಿಸಿ
0.404 ಇಂಚು: 5.5 ಮಿ.ಮೀ.

ಚೈನಿನ ಪೆಟ್ಟಿಗೆಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ದಪ್ಪ ಹೆಚ್ಚಾದರೆ ಅಂಚು ಹಿಂದಕ್ಕೆ ವಾಲಿ, ಹಲ್ಲು ಕಚ್ಚದೆ ಮರದ ಮೇಲೆ ಜಾರುತ್ತದೆ. ಕಡಿಮೆಯಾದರೆ ಅಂಚು ಕೊಕ್ಕೆಯಂತಾಗುತ್ತದೆ. ಆಗ ಮೊದಲ ನಾಲ್ಕು ಕೊಯ್ತ ಅದ್ಭುತವಾಗಿರುತ್ತದೆ, ಆಮೇಲೆ ಆ ತೆಳು ಅಂಚು ಮುರಿಯುತ್ತದೆ.

ಅರ ಹಾಕುವ ಕ್ರಮ

ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆದಿಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬ್ರಷ್ಷಿನಿಂದ ಚೈನಿನ ಅಂಟು, ಹೊಟ್ಟು ತೆಗೆಯಿರಿ. ಗಟ್ಟಿ ಅಂಟಿಗೆ ಸೀಮೆಎಣ್ಣೆ ಸಾಕು. ಎಣ್ಣೆ ಜಿಡ್ಡಿನ ಹಲ್ಲಿನ ಮೇಲೆ ಅರ ಜಾರುತ್ತದೆ, ಅದರ ಗೆರೆಗಳೂ ಮುಚ್ಚಿಹೋಗುತ್ತವೆ.

ಬಾರನ್ನು ವೈಸಿನಲ್ಲಿ ಹಿಡಿಸಿ, ಚೈನನ್ನು ಮಾಮೂಲಿಗಿಂತ ಸ್ವಲ್ಪ ಬಿಗಿ ಮಾಡಿ. ಹಲ್ಲು ಅಲ್ಲಾಡಿದರೆ ಕೋನ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಈ ಬಿಗಿಯನ್ನು ಸಡಿಲಿಸಲು ಮರೆಯಬೇಡಿ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಹಲ್ಲನ್ನು ಹುಡುಕಿ, ಅದರಿಂದಲೇ ಶುರುಮಾಡಿ. ಅದು ಸರಿಯಾದಾಗ ಮೇಲ್ತಟ್ಟೆಯ ಉದ್ದವನ್ನು ವರ್ನಿಯರಿನಿಂದ ಅಳೆದು ಬರೆದಿಡಿ. ಉಳಿದ ಎಲ್ಲ ಹಲ್ಲುಗಳ ಗುರಿ ಆ ಅಳತೆ, 0.2 ಮಿ.ಮೀ. ಹೆಚ್ಚುಕಡಿಮೆಯ ಒಳಗೆ. ಇದಕ್ಕೊಂದು ವಿನಾಯಿತಿ ಇದೆ: ಮೊಳೆಗೆ ತಾಗಿ ಒಂದೇ ಒಂದು ಹಲ್ಲು ಅರ್ಧ ಮುರಿದಿದ್ದರೆ, ಅದಕ್ಕಾಗಿ ಉಳಿದವುಗಳ ಆಯುಷ್ಯ ಕಳೆಯಬೇಡಿ. ಅದನ್ನು ಹಾಗೇ ಬಿಟ್ಟು ಮುಂದುವರಿಯಿರಿ. ಐವತ್ತು ಹಲ್ಲುಗಳಲ್ಲಿ ಒಂದು ಕೊಯ್ಯದಿದ್ದರೆ ಕೈಗೆ ಗೊತ್ತೂ ಆಗುವುದಿಲ್ಲ.

ಬಾರಿಗೆ ಲಂಬವಾದ ಗೆರೆಯಿಂದ 30 ಡಿಗ್ರಿ ಹೊರಳಿಸಿ ಅರವನ್ನು ಹಿಡಿಯಿರಿ. ಕೆಲವು ಚೈನುಗಳಿಗೆ 25 ಡಿಗ್ರಿ ಇರುತ್ತದೆ. ಹಲ್ಲಿನ ಮೇಲ್ತಟ್ಟೆಯ ಹಿಂಬದಿಯಲ್ಲಿ ಕೋನ ತೋರಿಸುವ ಗೀಟು ಇದ್ದರೆ ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಅರದ ದಪ್ಪದ ಐದನೇ ಒಂದು ಭಾಗ ಮೇಲ್ತಟ್ಟೆಗಿಂತ ಮೇಲೆ ಕಾಣಬೇಕು, ಅಂದರೆ 4.8 ಮಿ.ಮೀ. ಅರದಲ್ಲಿ ಸುಮಾರು 1 ಮಿ.ಮೀ. ಅರವನ್ನು ಹಿಡಿದಿಡುವ ಗೈಡ್ ಬಳಸಿದರೆ ಈ ಎತ್ತರ ತಾನಾಗಿ ಬರುತ್ತದೆ. ಹೊಸಬರು ಗೈಡ್ ಇಲ್ಲದೆ ಕೈಹಾಕದಿರುವುದೇ ಒಳ್ಳೆಯದು.

ಹಲ್ಲಿನ ಒಳಬದಿಯಿಂದ ಹೊರಕ್ಕೆ ಮಾತ್ರ ತಳ್ಳಿ. ವಾಪಸ್ ತರುವಾಗ ಅರ ಎತ್ತಿ. ಒತ್ತಡ ಹಿಂದಕ್ಕೆ, ಹಲ್ಲಿನ ಕಡೆಗಿರಲಿ. ಕೆಳಕ್ಕೆ ಒತ್ತಿದರೆ ಅರ ಇಳಿದು ಕೆಳಗಿನ ಲಿಂಕನ್ನು ಕೊರೆಯುತ್ತದೆ. ದಿನದ ಸಾಣೆಗೆ ಒಂದು ಹಲ್ಲಿಗೆ ಎರಡು ಮೂರು ಸಲ ತಳ್ಳಿದರೆ ಸಾಕು. ಆಗಾಗ ಅರವನ್ನು ಸ್ವಲ್ಪ ತಿರುಗಿಸುತ್ತಿರಿ, ಸುತ್ತಲೂ ಒಂದೇ ಸಮ ಸವೆಯುತ್ತದೆ. ಕಚ್ಚದೆ ನುಣ್ಣಗೆ ಜಾರತೊಡಗಿದ ಅರವನ್ನು ಎಸೆಯಿರಿ.

ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿಗೆ ಬನ್ನಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂದು ಬದಿಗೆ ಕೈ ಸಲೀಸು, ಇನ್ನೊಂದಕ್ಕೆ ಅಷ್ಟು ಬಲ ಬೀಳುವುದಿಲ್ಲ. ತಳ್ಳಿದ ಲೆಕ್ಕ ಎರಡೂ ಕಡೆ ಒಂದೇ ಆದರೂ ಹಲ್ಲಿನ ಉದ್ದ ಬೇರೆಯಾಗುತ್ತದೆ. ನಾಲ್ಕೈದು ಸಾಣೆಯಾಗುವಷ್ಟರಲ್ಲಿ ಕೊಯ್ತ ವಾಲುವುದು ಕಣ್ಣಿಗೇ ಕಾಣುತ್ತದೆ. ಲೆಕ್ಕಕ್ಕಿಂತ ವರ್ನಿಯರನ್ನು ನಂಬಿ.

ಕೊನೆಗೆ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿಳಿ ಗೆರೆ ಹೊಳೆದರೆ ಇನ್ನೂ ಮೊಂಡು. ಹರಿತ ಅಂಚಿನಲ್ಲಿ ಬೆಳಕು ನಿಲ್ಲುವುದಿಲ್ಲ.

ರೇಕರ್

ಮೇಲ್ತಟ್ಟೆ ಹಿಂದಕ್ಕೆ ಇಳಿಜಾರಾಗಿರುವುದರಿಂದ, ಹಲ್ಲು ಗಿಡ್ಡವಾದಂತೆ ಅದರ ಅಂಚು ತಗ್ಗುತ್ತದೆ. ರೇಕರು ಮಾತ್ರ ಅಲ್ಲೇ ನಿಂತಿರುತ್ತದೆ. ಹರಿತ ಮಾಡಿದ ಚೈನೂ ಪುಡಿ ಉದುರಿಸುವುದು ಇದರಿಂದಲೇ. ಮೂರು ಸಾಣೆಗೊಮ್ಮೆ ಅಳೆಯಿರಿ. ಸಾಮಾನ್ಯ ಅಂತರ 0.65 ಮಿ.ಮೀ., ಅಂದರೆ 0.025 ಇಂಚು. 0.404 ಚೈನಿಗೆ 0.8 ಮಿ.ಮೀ.

ರೇಕರ್ ಅಳೆಯುವ ಪಟ್ಟಿಗಳಲ್ಲಿ ಎರಡು ಬಗೆ. ಎರಡು ಹಲ್ಲುಗಳ ಮೇಲೆ ಕೂರುವ ಪಟ್ಟಿ, ಹಲ್ಲುಗಳ ಉದ್ದ ಒಂದೇ ಇದ್ದಾಗ ಮಾತ್ರ ಸರಿಯಾದ ಅಳತೆ ಕೊಡುತ್ತದೆ. ಒಂದೊಂದೇ ಹಲ್ಲಿನ ಮೇಲೆ ಕೂರುವ ಪಟ್ಟಿ ಆ ಹಲ್ಲಿಗೆ ತಕ್ಕ ರೇಕರನ್ನು ಹೇಳುತ್ತದೆ, ಸವೆದ ಚೈನಿಗೆ ಇದೇ ಮೇಲು. ಪಟ್ಟಿಯ ಮೇಲೆ ಎದ್ದು ಕಾಣುವ ತುದಿಯನ್ನು ಚಪ್ಪಟೆ ಅರದಿಂದ ಸಮಮಾಡಿ, ನಂತರ ಮುಂದಿನ ಮೂಲೆಯನ್ನು ಮೊದಲಿನಂತೆ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ರೇಕರೇ ಮರಕ್ಕೆ ಸಿಕ್ಕಿಕೊಂಡು ಗುದ್ದುತ್ತದೆ.

ಮೆದು ಮರಕ್ಕೂ ಬಲವಾದ ಎಂಜಿನ್ನಿಗೂ 0.75ರ ತನಕ ಇಳಿಸಬಹುದು. ಒಣಗಿದ ಗಟ್ಟಿ ಮರಕ್ಕೆ 0.5 ಸಾಕು. ಈ ಅಳತೆಗಳನ್ನು ಮೀರಿ ಇಳಿಸುವ ಆಸೆ ಬೇಡ: ಹಲ್ಲು ಆಳಕ್ಕೆ ಕಚ್ಚಿ ಚೈನು ಎಳೆದಾಡುತ್ತದೆ, ಎಂಜಿನ್ ಸೋಲುತ್ತದೆ, ಬಾರಿನ ಮೂತಿ ಹಿಂದಕ್ಕೆ ಚಿಮ್ಮುವ ಕಿಕ್‌ಬ್ಯಾಕ್ ಅಪಾಯ ಹೆಚ್ಚುತ್ತದೆ. ಕಿಕ್‌ಬ್ಯಾಕ್ ತಗ್ಗಿಸಲೆಂದೇ ರೇಕರಿನ ಮುಂದೆ ಗೂನಿನಂತೆ ಎದ್ದ ಬಂಪರ್ ಲಿಂಕುಗಳಿದ್ದರೆ ಅವುಗಳನ್ನು ಅರೆದು ತೆಗೆಯಲೇಬೇಡಿ.

ಗ್ರೈಂಡರ್ ಬಳಸುವುದಾದರೆ

ಪೆಟ್ಟು ತಿಂದ ಚೈನನ್ನು ಒಂದೇ ಅಳತೆಗೆ ತರಲು ಗ್ರೈಂಡರ್ ಒಳ್ಳೆಯದು, ದಿನದ ಸಾಣೆಗೆ ಅರವೇ ಸಾಕು. 1/4 ಮತ್ತು ಲೋ ಪ್ರೊಫೈಲ್ ಚೈನಿಗೆ 3.2 ಮಿ.ಮೀ. ದಪ್ಪದ ಕಲ್ಲು, ದೊಡ್ಡ ಪಿಚ್‌ಗಳಿಗೆ 4.8. ಕಲ್ಲಿನ ಅಂಚನ್ನು ಆಗಾಗ ದುಂಡಗೆ ತಿದ್ದಿಕೊಳ್ಳಿ. ಹಲ್ಲಿಗೆ ಒಂದು ಕ್ಷಣ ತಾಗಿಸಿ ಎತ್ತಿ, ಮತ್ತೆ ತಾಗಿಸಿ. ಒತ್ತಿ ಹಿಡಿದರೆ ಅಂಚು ನೀಲಿಗಟ್ಟುತ್ತದೆ, ಅಂದರೆ ಉಕ್ಕಿನ ಹದ ಹೋಯಿತು. ನೀಲಿ ಭಾಗವನ್ನು ಪೂರ್ತಿ ತೆಗೆಯದೆ ಆ ಹಲ್ಲು ಅಂಚು ಹಿಡಿಯುವುದಿಲ್ಲ.

ಹಲಗೆ ಸೀಳುವ ಚೈನು

ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡಲು 10 ಡಿಗ್ರಿ ಕೋನ ಸೂಕ್ತ. ಕೋನ ಕಡಿಮೆಯಾದಷ್ಟೂ ಹಲ್ಲುಗಳು ಪಕ್ಕಕ್ಕೆ ಎಳೆಯುವುದು ಕಡಿಮೆ, ಹಲಗೆಯ ಮೈ ನಯ. ಆದರೆ ಅದೇ ಚೈನು ಅಡ್ಡ ಕೊಯ್ಯುವಾಗ ನಿಧಾನ. ಎರಡೂ ಕೆಲಸಕ್ಕೆ ಬೇರೆ ಬೇರೆ ಚೈನು ಇಟ್ಟುಕೊಳ್ಳುವುದೇ ಸರಿ.

30 ಡಿಗ್ರಿಯ ಚೈನನ್ನು ಒಂದೇ ಸಲ 10ಕ್ಕೆ ತರಲು ಹೊರಟರೆ ತುಂಬಾ ಉಕ್ಕು ಹೋಗುತ್ತದೆ. ಮೇಲ್ತಟ್ಟೆ 5 ಮಿ.ಮೀ. ಅಗಲವಿದ್ದರೆ ಹೊರ ಮೂಲೆಯಲ್ಲಿ ಸುಮಾರು 2 ಮಿ.ಮೀ. ಕಳೆದಂತೆ. ಪ್ರತಿ ಸಾಣೆಯಲ್ಲಿ 5 ಡಿಗ್ರಿ ಇಳಿಸುತ್ತ ನಾಲ್ಕು ಸಾಣೆಯಲ್ಲಿ ಮುಟ್ಟಿ, ಪ್ರತಿ ಸಲವೂ ರೇಕರ್ ಅಳೆಯಿರಿ. ಸೀಳುವಾಗ ಹರಿತ ಚೈನೂ ಸಣ್ಣ ಪುಡಿಯನ್ನೇ ಉದುರಿಸುವುದುಂಟು, ಅದನ್ನು ನೋಡಿ ಮೊಂಡಾಯಿತೆಂದು ಗಾಬರಿಯಾಗಬೇಡಿ.

ಉದ್ದ ಬಾರಿಗೆ ಎಂಜಿನ್ ಬಲ ಸಾಲದಾಗ, ಹಲ್ಲುಗಳನ್ನು ಒಂದು ಬಿಟ್ಟು ಒಂದು ಅರೆದು ತೆಗೆಯುವ ಯೋಚನೆ ಹಲವರಿಗೆ ಬರುತ್ತದೆ. ಹಾಗೆ ಮಾಡಿದರೆ ಒಂದೇ ಬದಿಯ ಹಲ್ಲುಗಳು ಉಳಿಯುತ್ತವೆ, ಏಕೆಂದರೆ ಎಡ ಬಲ ಹಲ್ಲುಗಳು ಸರದಿಯಲ್ಲಿ ಬರುತ್ತವೆ. ಹಲ್ಲುಗಳು ವಿರಳವಾಗಿರುವ ಸ್ಕಿಪ್ ಚೈನಿನಲ್ಲಿ ಅವುಗಳ ನಡುವಿನ ಲಿಂಕುಗಳ ಲೆಕ್ಕವೇ ಬೇರೆ. ಅದನ್ನು ಹಾಗೆಯೇ ಕೊಳ್ಳಬೇಕು.

ಉದ್ದ ಬದಲಿಸುವುದು

ಚೈನಿನ ಉದ್ದವನ್ನು ಡ್ರೈವ್ ಲಿಂಕುಗಳ ಲೆಕ್ಕದಲ್ಲಿ ಹೇಳುತ್ತಾರೆ. ಹಳೆ ಚೈನು ಹಿಗ್ಗಿರುತ್ತದೆ, ಆದ್ದರಿಂದ ಪಕ್ಕದಲ್ಲಿಟ್ಟು ಅಳೆಯದೆ ಲಿಂಕುಗಳನ್ನೇ ಎಣಿಸಿ. ಬಿಚ್ಚುವುದಾದರೆ ಹಲ್ಲಿರುವ ಕಡೆ ಬೇಡ, ಬರಿಯ ಪಟ್ಟಿ ಲಿಂಕಿನಲ್ಲಿ ಬಿಚ್ಚಿ: ಎರಡು ರಿವೆಟ್‌ಗಳ ತಲೆಯನ್ನು ಅರೆದು, ಚೈನ್ ಬ್ರೇಕರಿನಿಂದ ತಳ್ಳಿ.

ಜೋಡಿಸಲು ಅದೇ ಪಿಚ್, ಅದೇ ಗೇಜಿನ, ಅದೇ ತಯಾರಕರ ಹೊಸ ರಿವೆಟ್ ಲಿಂಕ್ ಬೇಕು. ಬಿಚ್ಚಿದ ರಿವೆಟನ್ನು ಮರುಬಳಸಬೇಡಿ. ಹಲ್ಲುಗಳೆಲ್ಲ ಒಂದೇ ದಿಕ್ಕಿಗಿವೆಯೇ, ಚೈನು ತಿರುಚಿಲ್ಲವೇ ಎಂದು ನೋಡಿ, ರಿವೆಟ್ ಸ್ಪಿನ್ನರಿನಿಂದ ತಲೆ ಕೂರಿಸಿ. ತಲೆ ಪಕ್ಕದ ರಿವೆಟ್‌ಗಳಷ್ಟೇ ಅಗಲವಾಗಬೇಕು, ಕೀಲು ತನ್ನ ಭಾರಕ್ಕೇ ಮಡಚಬೇಕು. ಸುತ್ತಿಗೆಯಿಂದ ಬಡಿದು ಮುಗಿಸಿದ ರಿವೆಟ್ ಒಂದೋ ಬಿಗಿದುಕೊಳ್ಳುತ್ತದೆ, ಇಲ್ಲವೇ ಸೀಳುತ್ತದೆ. ಓಡುವ ಚೈನು ಕಡಿದರೆ ತುಂಡುಗಳು ಗುಂಡಿನಂತೆ ಹಾರುತ್ತವೆ, ಆದ್ದರಿಂದ ಸ್ಪಿನ್ನರ್ ಇಲ್ಲದವರು ಈ ಕೆಲಸವನ್ನು ಅದಿರುವ ಕಡೆ ಮಾಡಿಸಿ. ಸವೆದ ಚೈನಿಗೆ ಹೊಸ ಹಲ್ಲು ಸೇರಿಸಿದರೆ ಅದನ್ನು ಉಳಿದವುಗಳ ಉದ್ದಕ್ಕೂ ರೇಕರಿನ ಎತ್ತರಕ್ಕೂ ಇಳಿಸಲೇಬೇಕು.

ಕೊಯ್ದು ನೋಡಿದಾಗ

ಕೊಯ್ತ ಒಂದು ಬದಿಗೆ ವಾಲಿದರೆ ಆ ಬದಿಯ ಹಲ್ಲುಗಳು ಉದ್ದವಾಗಿವೆ ಅಥವಾ ಹೆಚ್ಚು ಹರಿತವಾಗಿವೆ. ಅಳತೆ ಸರಿಯಿದ್ದೂ ವಾಲಿದರೆ ತಪ್ಪು ಬಾರಿನದು. ಬಾರಿನ ಪಕ್ಕಕ್ಕೂ ಹಲ್ಲಿಗೂ ಸೇರಿಸಿ ನೇರಪಟ್ಟಿ ಇಟ್ಟು ನೋಡಿ: ಬಾರಿಗೂ ಪಟ್ಟಿಗೂ ನಡುವೆ ಸಂದು ಇರಬೇಕು. ಸಂದಿಲ್ಲದಿದ್ದರೆ ಬಾರಿನ ತೋಡು ಅಗಲವಾಗಿ ಚೈನು ಒರಗಿದೆ. ಅಂಚಿನಲ್ಲಿ ಎದ್ದ ಸಿಬಿರನ್ನು ಚಪ್ಪಟೆ ಅರದಿಂದ ತೆಗೆಯಿರಿ, ಪ್ರತಿ ಸಾಣೆಗೂ ಬಾರನ್ನು ತಿರುವಿ ಹಾಕಿ. ಸ್ಪ್ರಾಕೆಟ್ಟಿನಲ್ಲಿ 0.5 ಮಿ.ಮೀ. ಆಳದ ಗುರುತು ಬಿದ್ದಿದ್ದರೆ ಅದನ್ನೂ ಬದಲಿಸಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ಕೆಡಿಸುತ್ತದೆ.

ಮೇಲ್ತಟ್ಟೆಯ ಉದ್ದ 4 ಮಿ.ಮೀ.ಗೆ ಇಳಿದಾಗ, ಅಥವಾ ಹಲ್ಲಿನ ಸವೆತದ ಗುರುತು ಮುಟ್ಟಿದಾಗ ಚೈನಿನ ಕೆಲಸ ಮುಗಿಯಿತು. ಯಾವುದೇ ಲಿಂಕಿನಲ್ಲಿ ಬಿರುಕು ಕಂಡರೆ, ಹಲ್ಲು ಎಷ್ಟೇ ಉಳಿದಿದ್ದರೂ ಅಂದೇ ಬಿಚ್ಚಿಡಿ.