ನಡುವಿನ ಸೀಟಿಗಾಗಿ ಗೇರ್ ಬದಲಿಸಿದೆ

ನಾನು ಬಡಗಿ. ಕಪಾಟು, ವಾರ್ಡ್‌ರೋಬ್ ಮಾಡಿ ಮನೆಗಳಿಗೆ ಹೋಗಿ ಜೋಡಿಸಿ ಕೊಡುವುದು ಕೆಲಸ. ಪಿಕಪ್ ಟ್ರಕ್ಕೇ ನನ್ನ ಅರ್ಧ ಅಂಗಡಿ ಅಂದರೂ ಸರಿ. ಮೂರನೇ ಟ್ರಕ್ ತೆಗೆದುಕೊಳ್ಳಲು ಹೋದಾಗ ಎಂಜಿನ್ ಬಗ್ಗೆ ಕೇಳಿದ್ದು ಕೊನೆಗೆ. ಮೊದಲು ಕೇಳಿದ್ದು ಗೇರ್ ಲಿವರ್ ಎಲ್ಲಿದೆ ಅಂತ. ಮಾರುವವನು ನಕ್ಕ. ನಗಲಿ ಬಿಡಿ, ಹಿಂದಿನ ಎರಡು ಟ್ರಕ್‌ಗಳ ಜೊತೆ ಏಗಿದ್ದು ಅವನಲ್ಲವಲ್ಲ.

ಮೊದಲನೆಯದು ಹಳೆಯ ಗಾಡಿ. ಮುಂದೆ ಒಂದೇ ಉದ್ದ ಸೀಟು, ನೆಲದಿಂದ ಎದ್ದು ಬಂದ ಉದ್ದನೆಯ ಗೇರ್ ಕೋಲು, ಐದು ಗೇರಿನ ಮ್ಯಾನ್ಯುಯಲ್. ಮೂರು ಜನ ಕೂರುತ್ತಿದ್ದೆವು. ನಡುವೆ ಕೂತವನದೇ ಪಾಡು. ಒಂದು, ಮೂರು, ಐದಕ್ಕೆ ಕೋಲು ಡ್ಯಾಶ್ ಕಡೆ ಹೋಗುತ್ತದೆ, ತೊಂದರೆ ಇಲ್ಲ. ಎರಡು, ನಾಲ್ಕಕ್ಕೆ ಹಿಂದಕ್ಕೆ ಎಳೆಯಬೇಕಲ್ಲ, ಆಗ ಸೀದಾ ಮೊಣಕಾಲಿಗೆ ಬಡಿಯುತ್ತಿತ್ತು. ನನ್ನ ಸಹಾಯಕ ಹುಡುಗ ಕೊನೆಗೆ ಎಂಜಿನ್ ಸದ್ದು ಕೇಳಿಯೇ ಕಾಲು ಸರಿಸುವುದನ್ನು ಕಲಿತುಬಿಟ್ಟಿದ್ದ. ನಿದ್ದೆಗಣ್ಣಲ್ಲಿದ್ದರೂ ಸರಿಯಾದ ಹೊತ್ತಿಗೆ ಕಾಲು ಪಕ್ಕಕ್ಕೆ ಹೋಗುತ್ತಿತ್ತು! ಆದರೆ ಆ ಕೋಲಿನ ಅದುರು ಕೈಗೆ ಎಷ್ಟೋ ವಿಷಯ ಹೇಳುತ್ತಿತ್ತು. ಲೋಡ್ ಜಾಸ್ತಿ ಆಗಿದೆ, ಗೇರ್ ಇಳಿಸು ಅನ್ನುವುದು ಮೊದಲು ಅಂಗೈಗೇ ಗೊತ್ತಾಗುತ್ತಿತ್ತು.

ಎರಡನೆಯದು ಡಯಲ್ ಇರುವ ಆಟೋಮ್ಯಾಟಿಕ್. ಡ್ಯಾಶ್‌ನಲ್ಲಿ ಒಂದು ದುಂಡನೆಯ ಗುಂಡಿ. ತಿರುಗಿಸಿದರೆ ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್). ಮೊದಲ ವಾರ ಖುಷಿಯೋ ಖುಷಿ. ಎಷ್ಟು ನೀಟಾಗಿದೆ ಅಂತ ಎಲ್ಲರಿಗೂ ತೋರಿಸಿದ್ದೆ.

ಇದು ಸಾಧ್ಯವಾಗುವುದು ಹೇಗೆ ಅಂದರೆ, ಹಳೆಯ ಆಟೋಮ್ಯಾಟಿಕ್‌ನಲ್ಲಿ ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಕೇಬಲ್ಲೋ ಸರಳೋ ಹೋಗಿರುತ್ತದೆ. ಹಾಗಾಗಿ ಲಿವರನ್ನು ಎಲ್ಲೆಂದರಲ್ಲಿ ಇಡಲಾಗುವುದಿಲ್ಲ. ಈಗ ಹೋಗುವುದು ಕರೆಂಟಿನ ಸಿಗ್ನಲ್ ಅಷ್ಟೇ. ಸ್ವಿಚ್ ಎಲ್ಲಿಟ್ಟರೂ ನಡೆಯುತ್ತದೆ. ರ‍್ಯಾಮ್ 1500 ಅನ್ನುವ ಅಮೆರಿಕದ ಪಿಕಪ್‌ಗೆ 2013ರ ಮಾಡೆಲ್‌ನಲ್ಲಿ ಎಂಟು ಗೇರಿನ ಆಟೋಮ್ಯಾಟಿಕ್ ಜೊತೆ ಡಯಲ್ ಬಂತು. ಹೋಂಡಾ ರಿಡ್ಜ್‌ಲೈನ್‌ನಲ್ಲಿ 2020ರಿಂದ ಬಟನ್. ರಿವಿಯನ್ ಆರ್‌1ಟಿಯಲ್ಲಿ ಸ್ಟೀರಿಂಗ್ ಪಕ್ಕ ಸಣ್ಣ ಕಡ್ಡಿ. ಟೆಸ್ಲಾ ಸೈಬರ್‌ಟ್ರಕ್‌ನಲ್ಲಂತೂ ಸ್ಕ್ರೀನ್ ಮೇಲೆ ಬೆರಳು ಸವರಿ ಗೇರ್ ಹಾಕುವುದು. ಧೂಳು, ಫೆವಿಕಾಲ್ ಅಂಟಿದ ಕೈ ನನ್ನದು. ನನಗೆ ಆಗದ ಮಾತು.

ನನ್ನ ಡಯಲ್ ಮೇಲಿನ ಪ್ರೀತಿ ಕಮ್ಮಿಯಾಗಿದ್ದು ಟ್ರೇಲರ್ ಕಟ್ಟುವಾಗ. ಕೊಕ್ಕೆಗೆ ಸರಿಯಾಗಿ ತಂದು ನಿಲ್ಲಿಸಬೇಕೆಂದರೆ ಒಂದಿಂಚು ಹಿಂದೆ, ಒಂದಿಂಚು ಮುಂದೆ, ಮತ್ತೆ ಹಿಂದೆ. ಆರ್, ಡಿ, ಆರ್, ಡಿ. ಕಣ್ಣು ಕನ್ನಡಿ ಮೇಲಿರಬೇಕು. ಲಿವರ್ ಆದರೆ ಅದು ಎಲ್ಲಿ ನಿಂತಿದೆ ಅಂತ ಕೈಗೆ ಗೊತ್ತಾಗುತ್ತದೆ. ದುಂಡನೆಯ ಗುಂಡಿ ಎಷ್ಟು ತಿರುಗಿದರೂ ದುಂಡಗೇ ಇರುತ್ತದೆ, ಅಲ್ವಾ? ಪ್ರತಿ ಸಲ ತಲೆ ತಿರುಗಿಸಿ ಯಾವ ಅಕ್ಷರ ಹೊತ್ತಿದೆ ಅಂತ ನೋಡಬೇಕಿತ್ತು.

ಇನ್ನೊಂದು ದಿನ ಹಾಡಿನ ಸೌಂಡ್ ತಗ್ಗಿಸಲು ಹೋಗಿ ಗೇರ್ ಡಯಲ್ ತಿರುಗಿಸಿಬಿಟ್ಟೆ. ಟ್ರಕ್ ಎನ್‌ಗೆ ಬಂತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿದೆ, ಗಾಡಿಗೆ ಎಳೆತವೇ ಇಲ್ಲ. ಹಾಡು ಮಾತ್ರ ಅದೇ ಸೌಂಡಿನಲ್ಲಿ ಜೋರಾಗಿ ನಡೆದಿತ್ತು. ಹಿಂದೆ ಯಾರೂ ಇರಲಿಲ್ಲ, ಬಚಾವಾದೆ. ತಪ್ಪು ನನ್ನ ಕೈಯದೇ. ಆದರೆ ಕೈ ತಪ್ಪು ಮಾಡುತ್ತದೆ ಅಂತ ಗೊತ್ತಿದ್ದೇ ತಾನೇ ಗುಂಡಿಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಬೇಕಾದ್ದು?

ಬ್ಯಾಟರಿ ಪೂರ್ತಿ ಇಳಿದ ದಿನ ಇನ್ನೊಂದು ಪಾಠ ಆಯಿತು. ಕರೆಂಟಿಲ್ಲದೆ ಅದು ಪಿ ಬಿಟ್ಟು ಅಲುಗಲಿಲ್ಲ. ತಳ್ಳೋಣ ಅಂದರೂ ಆಗದು. ಮ್ಯಾನ್ಯುಯಲ್ ಪುಸ್ತಕ ತೆಗೆದು ಹುಡುಕಿದಾಗ ಡ್ಯಾಶ್ ಕೆಳಗೆ ಮುಚ್ಚಳದ ಹಿಂದೆ ಪಾರ್ಕ್ ಬಿಡಿಸುವ ಒಂದು ಪಟ್ಟಿ ಸಿಕ್ಕಿತು. ಇಂಥ ಗೇರ್ ಇರುವವರು ಆ ಪಟ್ಟಿಯೋ ಹಿಡಿಯೋ ತಮ್ಮ ಗಾಡಿಯಲ್ಲಿ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಎಳೆಯುವ ಮೊದಲು ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕಟ್ಟಿಗೆ ಇಡಿ. ಇಲ್ಲದಿದ್ದರೆ ಗಾಡಿ ಉರುಳುತ್ತದೆ.

ಇಷ್ಟಾದರೂ ಮಾರುವ ಯೋಚನೆ ಬಂದಿದ್ದು ಡಯಲ್‌ನಿಂದಲ್ಲ, ಅದರ ಪಕ್ಕದ ಕನ್ಸೋಲ್‌ನಿಂದ. ಗೇರ್ ಡ್ಯಾಶ್‌ಗೆ ಹೋಯಿತು, ಒಳ್ಳೆಯದು. ಆದರೆ ಖಾಲಿಯಾದ ಜಾಗದಲ್ಲಿ ಅಗಲವಾದ ಒಂದು ಪೆಟ್ಟಿಗೆ ಕೂರಿಸಿದ್ದರು. ಮೂರನೆಯವನು ಹಿಂದೆ ಹೋಗಬೇಕು. ಹಿಂದಿನ ಸೀಟಿನಲ್ಲಿ ನನ್ನ ಡ್ರಿಲ್, ರೂಟರ್, ಮಟ್ಟಗೋಲು ಕೂತಿರುತ್ತವೆ.

ಹಾಗಾಗಿ ಒಂದು ಲೆಕ್ಕ ಮಾಡಿದೆ. ಹನ್ನೆರಡು ಕೆಲಸದ ದಿನ, ಸಂಜೆ ಗಾಡಿ ನಿಲ್ಲಿಸಿದ ಮೇಲೆ ಆ ಪೆಟ್ಟಿಗೆಯಲ್ಲಿ ಏನಿದೆ ಅಂತ ಬರೆದಿಟ್ಟೆ. ಹಳೆಯ ಬಿಲ್ಲು, ಒಣಗಿದ ಪೆನ್ನು, ಯಾವುದೋ ಕೀಲು, ಚಾರ್ಜರ್ ವೈರ್. ಕೆಲಸಕ್ಕೆ ಬರುವಂಥದ್ದು ಪೆನ್ಸಿಲ್, ಟೇಪು, ಗ್ಲೌಸು ಮಾತ್ರ. ಆ ಹನ್ನೆರಡರಲ್ಲಿ ಒಂಬತ್ತು ದಿನ ನಾವು ಮೂರು ಜನ ಇದ್ದೆವು. ಅಂದರೆ ಕಸಕ್ಕೆ ಮುಂದಿನ ಸೀಟು, ಮನುಷ್ಯನಿಗೆ ಡ್ರಿಲ್ ಪಕ್ಕ ಜಾಗ.

ಹೊಸದು ನೋಡಲು ಹೋದಾಗ ಕೆಲಸದ ಗ್ಲೌಸ್ ಹಾಕಿಕೊಂಡೇ ಹೋದೆ. ಬಾಗಿಲು ತೆಗೆದು ಕೂತು, ಕಣ್ಣು ಮುಚ್ಚಿ ಪಿಯಿಂದ ಆರ್, ಆರ್‌ನಿಂದ ಡಿ. ಟೊಯೋಟಾ ಟಂಡ್ರಾದಲ್ಲಿ ಕನ್ಸೋಲ್ ಮೇಲೆ ಗಟ್ಟಿಯಾದ ಲಿವರ್, ಕೈಗೆ ಚೆನ್ನಾಗಿ ಸಿಗುತ್ತದೆ, ಆದರೆ ನಡುವಿನ ಜಾಗ ಅದೇ ತಿನ್ನುತ್ತದೆ. ಟಕೋಮಾದಲ್ಲಿ ಇನ್ನೂ ಆರು ಗೇರಿನ ಮ್ಯಾನ್ಯುಯಲ್ ಸಿಗುತ್ತದೆ ಅಂತ ಕೇಳಿ ಮನಸ್ಸು ಸ್ವಲ್ಪ ಜಾರಿತು. ದಿನಾ ಟ್ರೇಲರ್ ಎಳೆಯುವ ನನ್ನ ಎಡಗಾಲು ಬೇಡ ಅಂದಿತು.

ನಿಜವಾಗಿ ತಲೆ ಕೆಡಿಸಿದ್ದು ಫೋರ್ಡ್ ಎಫ್-150. ಅದರಲ್ಲಿ 2021ರಿಂದ ಬಂದ ಒಂದು ಏರ್ಪಾಡಿದೆ. ಪಿಯಲ್ಲಿಟ್ಟು ಬಟನ್ ಒತ್ತಿದರೆ ಗೇರ್ ಲಿವರ್ ತಾನೇ ಮಲಗಿ ಕನ್ಸೋಲ್ ಒಳಗೆ ಹೋಗುತ್ತದೆ. ಮೇಲಿನ ಹಲಗೆ ಮಗುಚಿದರೆ ಸಪಾಟಾದ ಮೇಜು. ಲ್ಯಾಪ್‌ಟಾಪ್ ಇಡಬಹುದು, ನಕ್ಷೆ ಹರಡಬಹುದು. ಬಡಗಿ ಕಣ್ಣಿಗೆ ಅದು ಒಳ್ಳೆಯ ಕೆಲಸವೇ. ಅಲ್ಲೇ ಕೂತು ಎಂಟು ಹತ್ತು ಸಲ ಮಲಗಿಸಿ ಎಬ್ಬಿಸಿ ನೋಡಿದೆ. ಆದರೆ ಮೇಜು ಬೇಕಾಗುವುದು ಗಾಡಿ ನಿಂತಾಗ. ನನಗೆ ಜಾಗ ಬೇಕಿದ್ದು ಓಡುವಾಗ.

ಕೊನೆಗೆ ತೆಗೆದುಕೊಂಡಿದ್ದು ಸ್ಟೀರಿಂಗ್ ಕಂಬದ ಮೇಲೆ ಗೇರ್ ಲಿವರ್ ಇರುವ, ಮುಂದೆ ಮೂರು ಜನ ಕೂರುವ ಸೀಟಿನ ಟ್ರಕ್. ಸೀಟು 40/20/40 ಅಂತ ಭಾಗವಾಗಿದೆ. ನಡುವಿನ ಇಪ್ಪತ್ತನ್ನು ಮಡಚಿದರೆ ಕೈ ಇಡುವ ದಿಂಬು, ಎತ್ತಿದರೆ ಸೀಟು. ಬಟ್ಟೆಯ ಸೀಟು, ನೆಲಕ್ಕೆ ಕಾರ್ಪೆಟ್ ಬದಲು ವಿನೈಲ್. ಮರದ ಹೊಟ್ಟು ಕಾರ್ಪೆಟ್‌ಗೆ ಹೊಕ್ಕರೆ ವ್ಯಾಕ್ಯೂಮ್‌ಗೂ ಬರುವುದಿಲ್ಲ. ವಿನೈಲ್ ಮೇಲೆ ಒದ್ದೆ ಬಟ್ಟೆ ಎಳೆದರೆ ಮುಗಿಯಿತು. ಇಂಥ ಒಳಾಂಗಣ ಸಾಮಾನ್ಯವಾಗಿ ಕೆಳಗಿನ ಮಾಡೆಲ್‌ಗಳಲ್ಲೇ ಸಿಗುವುದು. ಮೇಲಿನದಕ್ಕೆ ಹೋದಂತೆ ಎರಡು ಬಿಡಿ ಸೀಟು, ನಡುವೆ ಕನ್ಸೋಲ್. ಜಾಸ್ತಿ ದುಡ್ಡು ಕೊಟ್ಟು ಒಂದು ಸೀಟು ಕಳೆದುಕೊಳ್ಳುವ ವ್ಯಾಪಾರ.

ಇದರಲ್ಲಿ ನಾನೇ ಮಾಡಿದ ಕೆಲಸ ಎರಡು. ಒಂದು, ಫೋನ್ ಸ್ಟ್ಯಾಂಡ್. ನನ್ನ ಟ್ರಕ್‌ಗೆ ಸ್ಟೀರಿಂಗ್ ಎಡಕ್ಕೆ, ಗೇರ್ ಲಿವರ್ ಅದರ ಬಲಕ್ಕೆ. ಅಳತೆ ಹಿಡಿದು, ಗುರುತು ಮಾಡಿ, ಸ್ಕ್ರೂ ಬಿಗಿದು ಬಲಗಡೆ ಚೆಂದಾಗಿ ಕೂರಿಸಿದೆ. ಲಿವರ್ ಡಿಗೆ ಎಳೆದರೆ ಅದು ಕೆಳಗಿಳಿದು ಫೋನಿನ ಮುಂದೆ ಅಡ್ಡ ನಿಂತಿತು! ಲಿವರ್ ಪಿಯಲ್ಲಿ ಮೇಲೆದ್ದಿರುವಾಗ ಅಳೆದಿದ್ದೆ. ಗಾಡಿ ಓಡುವುದು ಪಿಯಲ್ಲಲ್ಲವಲ್ಲ. ಮೂವತ್ತು ಸಲ ಬಾಗಿಲು ತೆರೆದು ನೋಡಿ ಕಪಾಟಿಗೆ ಹಿಡಿ ಕೂರಿಸುವ ಮನುಷ್ಯ ನಾನು. ಎರಡು ತೂತು ಇನ್ನೂ ಹಾಗೇ ಇವೆ, ಕರಿ ಮೇಣ ತುಂಬಿದ್ದೇನೆ.

ಎರಡನೆಯದು, ಮೂರನೆಯವನಿಲ್ಲದ ದಿನಕ್ಕೆ ಪ್ಲೈವುಡ್‌ನ ಒಂದು ಟ್ರೇ. ಮಡಚಿದ ನಡುವಿನ ಸೀಟಿನ ಮೇಲೆ ಕೂರುತ್ತದೆ. ಸುಮ್ನೆ ಇಟ್ಟಿದ್ದಾಗ ಮೊದಲ ಬ್ರೇಕಿಗೇ ಸ್ಕ್ರೂ ಡಬ್ಬಿ ಸಮೇತ ಡ್ಯಾಶ್‌ಗೆ ಹೋಗಿ ಬಡಿಯಿತು. ಆಮೇಲೆ ಎರಡೂ ಬದಿಗೆ ಉದ್ದನೆಯ ಸೀಳು ಕೊರೆದೆ. ನಡುವಿನ ಸೀಟಿನ ಬೆಲ್ಟನ್ನು ಅವುಗಳೊಳಗೆ ಹಾಯಿಸಿ ಬಕಲ್ ಹಾಕಿದರೆ ಈಗ ಅಲುಗುವುದಿಲ್ಲ. ಅಡಿಗೆ ರಬ್ಬರ್ ಶೀಟ್, ಸುತ್ತ ಎರಡು ಬೆರಳೆತ್ತರದ ಅಂಚು, ಮೂಲೆಗಳನ್ನೆಲ್ಲ ದುಂಡಗೆ ಉಜ್ಜಿದ್ದೇನೆ. ಭಾರದ ಸಾಮಾನು ಅದರಲ್ಲಿ ಇಡುವುದಿಲ್ಲ. ಪೆನ್ಸಿಲ್, ಟೇಪು, ಗ್ಲೌಸು, ಅಷ್ಟೇ.

ಹಳೆಯ ಡಯಲ್ ಟ್ರಕ್ಕನ್ನು ನನ್ನ ಜೊತೆ ಕೆಲಸ ಮಾಡುವವನೇ ಕೊಂಡ. ಅವನಿಗೆ ಅದೇ ಇಷ್ಟ, ನನ್ನ ಲಿವರ್ ನೋಡಿ ಅಜ್ಜನ ಕಾಲದ್ದು ಅನ್ನುತ್ತಾನೆ. ಆಗೀಗ ಅದನ್ನು ಓಡಿಸಬೇಕಾಗುತ್ತದೆ. ಬ್ರೇಕ್ ಒತ್ತಿ ಬಲಗೈ ಸ್ಟೀರಿಂಗ್ ಪಕ್ಕಕ್ಕೆ ಚಾಚುತ್ತೇನೆ. ಅಲ್ಲೇನೂ ಇಲ್ಲ. ಕೈ ಗಾಳಿ ಹಿಡಿದು ವಾಪಸ್ ಬರುತ್ತದೆ. ಪಕ್ಕದಲ್ಲಿ ಕೂತು ಅವನು ಪ್ರತಿ ಸಲವೂ ಅದಕ್ಕೇ ಕಾಯುತ್ತಿರುತ್ತಾನೆ.